ಅತಿಥಿಗೆ ಕೊಟ್ಟ ಕೀಲಿಕೈ

ಮನೆಗೆ ಬಂದ ನೆಂಟರಿಗೆ ಬೆಲ್ಲ, ನೀರು ಕೊಡುವಂತೆ ಈಗ ವೈಫೈ ಗುಪ್ತಪದವನ್ನು ಕೊಡುವುದೂ ರೂಢಿಯಾಗಿದೆ. ನೆಂಟರು ಹೊರಟುಹೋಗುತ್ತಾರೆ, ಗುಪ್ತಪದ ಮಾತ್ರ ಅವರ ಕಂಪ್ಯೂಟರಿನಲ್ಲಿಯೇ ಉಳಿಯುತ್ತದೆ. ಒಂದು ಸಂಜೆಯ ಉಪಯೋಗಕ್ಕೆಂದು ಕೊಟ್ಟ ಕೀಲಿಕೈಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ಹಕ್ಕು ನಮಗುಂಟೇ?

ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ಯಂತ್ರದೊಳಗೆ ನಡೆಯುವುದನ್ನು ಗಮನಿಸಿರಿ. ವಿಂಡೋಸ್ ಕಂಪ್ಯೂಟರು ತಾನು ಸೇರಿದ ಜಾಲದ ಹೆಸರನ್ನೂ ಗುಪ್ತಪದವನ್ನೂ ಒಂದು ‘ಪ್ರೊಫೈಲ್’ ಆಗಿ ಉಳಿಸಿಕೊಳ್ಳುತ್ತದೆ. ಗುಪ್ತಪದವು ಗೂಢಲಿಪಿಯಲ್ಲಿರುತ್ತದೆ ನಿಜ. ಆದರೂ ಆ ಯಂತ್ರದ ಮೇಲೆ ಪೂರ್ಣಾಧಿಕಾರವುಳ್ಳವರು ‘ನೆಟ್‌ಶ್’ ಎಂಬ ಆಜ್ಞೆಯ ಒಂದೇ ಸಾಲಿನಿಂದ ಅದನ್ನು ಸ್ಪಷ್ಟಾಕ್ಷರಗಳಲ್ಲಿ ಓದಬಲ್ಲರು. ಹಳೆಯ ಲ್ಯಾಪ್‌ಟಾಪನ್ನು ಹಾಗೆಯೇ ಮಾರಿದರೆ, ಬಂಧುಗಳ ಹಾಗೂ ನೆರೆಹೊರೆಯವರ ಮನೆಗಳ ಕೀಲಿಕೈಗಳನ್ನೂ ಅದರೊಡನೆ ಮಾರಿದಂತಾಗುವುದು. ಅವರ ಒಪ್ಪಿಗೆಯನ್ನು ಕೇಳಿದವರು ಯಾರು?

ಇನ್ನೊಂದು ತೊಡಕು ಹೆಸರಿನದು. ಹರಪನಹಳ್ಳಿ ಸೀಮೆಯ ನೀಲಗುಂದವು ಇದ್ದಲ್ಲಿಯೇ ಇದೆ; ಆದರೆ ಅದು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅಲ್ಲಿ ಹೆಸರು ಬದಲಾಯಿತು, ನೆಲ ಬದಲಾಗಲಿಲ್ಲ. ನಿಸ್ತಂತು ಜಾಲದಲ್ಲಿ ಇದಕ್ಕೆ ವಿರುದ್ಧವಾದುದು ಸಾಧ್ಯ: ಹೆಸರು ಅದೇ, ಒಡೆಯ ಬೇರೆ. ಗುಪ್ತಪದವುಳ್ಳ ಜಾಲದಲ್ಲಿ ಎರಡೂ ಕಡೆಯವರು ಗುಟ್ಟನ್ನು ಬಲ್ಲೆವೆಂದು ಪರಸ್ಪರ ತೋರಿಸಬೇಕು. ನಿಲ್ದಾಣ, ಹೋಟೆಲುಗಳ ಬಾಗಿಲಿಲ್ಲದ ಜಾಲಗಳಿಗಾದರೋ ಹೆಸರೊಂದೇ ಗುರುತು. ಅದೇ ಹೆಸರನ್ನಿಟ್ಟುಕೊಂಡು ಯಾರೇ ಕರೆದರೂ, ‘ತಾನಾಗಿ ಸೇರು’ ಎಂಬ ಗುರುತು ಹಾಕಿದ ಕಂಪ್ಯೂಟರು ವಿಚಾರಿಸದೆ ಹೋಗಿ ಸೇರಿಬಿಡಬಹುದು. ತಾಮ್ರಪಟಗಳಲ್ಲಿಯೂ ಅರಸರ ಹೆಸರು ಹೊತ್ತ ಕೂಟಶಾಸನಗಳಿವೆಯೆಂದು ಶಾಸನಜ್ಞರು ತೋರಿಸಿಕೊಟ್ಟಿದ್ದಾರೆ. ಹೆಸರನ್ನು ನಂಬಿ ಮೋಸಹೋಗುವುದು ಈ ಯುಗದ ಕಂಡುಹಿಡಿತವೇನಲ್ಲ. ಹೆಸರನ್ನು ಮರೆಮಾಡಿದ ಜಾಲವು ಹೆಚ್ಚು ಸುರಕ್ಷಿತವೆಂದು ಹಲವರ ನಂಬಿಕೆ. ನನಗೆ ಹಾಗೆ ತೋರದು. ಅಂಥ ಜಾಲವನ್ನು ಹುಡುಕಲು ನಮ್ಮ ಯಂತ್ರವೇ ಹೋದಹೋದಲ್ಲಿ ಅದರ ಹೆಸರನ್ನು ಕೂಗಬೇಕಾಗುತ್ತದೆ.

ಹಾಗಾದರೆ ಎಲ್ಲವನ್ನೂ ಅಳಿಸಬೇಕೇ? ಬೇಡ. ದಿನವೂ ಬಳಸುವ ಸ್ವಂತ ಮನೆಯ ಜಾಲವನ್ನು ಅಳಿಸುವುದು ಬರಿಯ ಹಟವಾದೀತು. ಕಚೇರಿಯವರು ಅಳವಡಿಸಿದ ಪ್ರೊಫೈಲನ್ನು ಕೆಲವೊಮ್ಮೆ ನಾವು ತೆಗೆಯಲೂ ಆಗದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’, ವೈಫೈ, ‘ಮ್ಯಾನೇಜ್ ನೋನ್ ನೆಟ್‌ವರ್ಕ್ಸ್’ ಎಂದು ಸಾಗಿದರೆ ಪಟ್ಟಿ ದೊರೆಯುತ್ತದೆ. ಅದನ್ನು ಓದುತ್ತಾ ಹೋದಂತೆ, ಯಾವುದು ನಮ್ಮದು, ಯಾವುದು ಪರರ ಸೌಜನ್ಯ ಎಂಬುದು ತಾನೇ ತಿಳಿಯುತ್ತದೆ. ಪರರದರ ಎದುರಿಗಿರುವ ‘ಫರ್ಗೆಟ್’ ಗುಂಡಿಯನ್ನು ಒತ್ತಲು ಕೆಲವರಿಗೆ ಸಂಕೋಚ; ಉಪಕಾರವನ್ನೇ ಮರೆತಂತಾಗುವುದೆಂಬ ಭಾವನೆ. ಅಳಿಯುವುದು ಕೀಲಿಕೈ ಮಾತ್ರ. ಕೊಟ್ಟವರ ನೆನಪನ್ನು ಯಂತ್ರದ ಪಾಲಿಗೆ ಒಪ್ಪಿಸಿದವರಾರು?

ಕೊಡುವವರಿಗೂ ಒಂದು ದಾರಿಯಿದೆ. ಅನೇಕ ರೂಟರ್‌ಗಳಲ್ಲಿ ಅತಿಥಿಗಳಿಗೆಂದೇ ಪ್ರತ್ಯೇಕ ಜಾಲವನ್ನು ತೆರೆಯಬಹುದು. ನೆಂಟರು ಊರು ಸೇರಿದ ಮೇಲೆ ಅದನ್ನು ಮುಚ್ಚಿದರೆ, ಯಾರನ್ನೂ ಸಂಶಯಿಸಬೇಕಾಗಿಲ್ಲ, ಏನನ್ನೂ ಮರಳಿ ಕೇಳಬೇಕಾಗಿಲ್ಲ.