ಉಸಿರಿಗೂ ಕರೆಂಟು ಬೇಕು

ಮಂಡ್ಯದ ಮಿಮ್ಸ್‌ನಿಂದಲೋ ಮೈಸೂರಿನ ದೊಡ್ಡಾಸ್ಪತ್ರೆಯಿಂದಲೋ ಡಿಸ್ಚಾರ್ಜ್ ಆಗಿ ಬರುವ ದಮ್ಮಿನ ರೋಗಿಗಳಲ್ಲಿ ಕೆಲವರ ಜೊತೆ ಒಂದು ಯಂತ್ರವೂ ಮನೆಗೆ ಬರುತ್ತದೆ. ವೈದ್ಯರ ಬಾಯಲ್ಲಿ ಅದು ಆಕ್ಸಿಜನ್ ಕಾನ್ಸನ್‌ಟ್ರೇಟರ್, ನಮ್ಮ ಮದ್ದೂರು, ಮಳವಳ್ಳಿ ಕಡೆ ಬರೀ ‘ಆಕ್ಸಿಜನ್ ಮಿಷಿನ್’. ಇದಕ್ಕೆ ಸಿಲಿಂಡರ್ ಬೇಡ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರಲ್ಲಿರುವ ಸಾರಜನಕವನ್ನು ಜಿಯೋಲೈಟ್ ಹರಳುಗಳಲ್ಲಿ ಹಿಡಿದಿಟ್ಟು, ಉಳಿದ ಆಮ್ಲಜನಕವನ್ನು ಮೂಗಿನ ಕೊಳವೆಗೆ ಬಿಡುತ್ತದೆ. ಬೇಕಾದದ್ದು ಕರೆಂಟು ಮಾತ್ರ. ಆ ಕರೆಂಟಿನ ಬಗ್ಗೆಯೇ ಇವತ್ತು ಬರೆಯಬೇಕೆನಿಸಿದೆ.

ಈ ಯಂತ್ರ ಬೇಕಾಗುವವರೆಲ್ಲ ಬೀಡಿ ಸೇದಿದವರಲ್ಲ. ಮೈಸೂರಿನ ಜೆಎಸ್‌ಎಸ್ ವೈದ್ಯರು ಅಲ್ಲಿನ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ ಒಂದು ಲೆಕ್ಕ ಕೊಟ್ಟಿದ್ದಾರೆ. ಸೌದೆ ಒಲೆಯ ಮುಂದೆ ದಿನಕ್ಕೆ ಕೂತ ಗಂಟೆಗಳನ್ನು, ಹಾಗೆ ಕೂತ ವರ್ಷಗಳಿಂದ ಗುಣಿಸಿ. ಉತ್ತರ 60 ಮುಟ್ಟಿತೆಂದರೆ ಶ್ವಾಸನಾಳದ ದೀರ್ಘಕಾಲದ ಕಾಯಿಲೆಯ ಅಪಾಯ ಸ್ಪಷ್ಟವಾಗಿ ಕಾಣತೊಡಗುತ್ತದೆ. ದಿನಕ್ಕೆ 3 ಗಂಟೆಯಂತೆ 20 ವರ್ಷ ಅಡುಗೆ ಮಾಡಿದರೆ 60 ಆಯಿತು. ನಮ್ಮ ಅಜ್ಜಿಯರು, ಅತ್ತೆಯರು ಮದುವೆಯಾಗಿ ಬಂದು ಮಕ್ಕಳನ್ನು ದೊಡ್ಡವರು ಮಾಡುವಷ್ಟರಲ್ಲೇ ಈ ಗಡಿ ದಾಟಿದ್ದಾರೆ. ಕಬ್ಬಿನ ಸೀಮೆಯಲ್ಲಿ ಆಲೆಮನೆಯ ಒಲೆಗೆ ಸಿಪ್ಪೆ ತಳ್ಳಿದವರು ಕುಡಿದ ಹೊಗೆ ಬೇರೆ. ಗ್ಯಾಸ್ ಒಲೆ ಬಂದದ್ದು ಒಳ್ಳೆಯದೇ ಆಯಿತು, ಆದರೆ ಆಗಲೇ ಕೆಟ್ಟ ಶ್ವಾಸಕೋಶವನ್ನು ಅದು ಸರಿಮಾಡದು.

ರಕ್ತದಲ್ಲಿ ಆಮ್ಲಜನಕ ತೀರಾ ಇಳಿದುಹೋದ ಇಂಥ ರೋಗಿಗಳಿಗೆ ದಿನಕ್ಕೆ 15 ಗಂಟೆಗೆ ಕಡಿಮೆಯಿಲ್ಲದಂತೆ ಆಮ್ಲಜನಕ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆಂದು 1980 ಮತ್ತು 1981ರಲ್ಲಿ ಪ್ರಕಟವಾದ ಅಮೆರಿಕ, ಬ್ರಿಟನ್‌ಗಳ ಅಧ್ಯಯನಗಳು ತೋರಿಸಿಕೊಟ್ಟವು. ಇಂದಿಗೂ ವೈದ್ಯರು ಚೀಟಿ ಬರೆಯುವುದು ಅದರ ಮೇಲೆಯೇ. ಹದಿನೈದು ಗಂಟೆ ಅಂದರೆ ರಾತ್ರಿಯಿಡೀ, ಹಗಲಿನಲ್ಲೂ ಅರ್ಧ. ಉಸಿರು ಕಟ್ಟಿದಾಗ ಅರ್ಧ ಗಂಟೆ ಹಾಕಿ ತೆಗೆಯುವುದರಿಂದ ಆ ಫಲ ಸಿಗದು. ಆದರೆ ಮನೆಗಳಲ್ಲಿ ಕೇಳಿಬರುವ ಮಾತೇ ಬೇರೆ: “ಈಗ ಪರ್ವಾಗಿಲ್ಲ ಕಣವ್ವ, ಆಫ್ ಮಾಡು. ಬಿಲ್ಲು ಜಾಸ್ತಿ ಬತ್ತದೆ.”

ಹೀಗೆನ್ನುವ ತಾಯಿಯ ಚಿಂತೆ ಸುಳ್ಳಲ್ಲ. ಮನೆಯಲ್ಲಿಡುವ 5 ಲೀಟರಿನ ಯಂತ್ರ ಸುಮಾರು 300ರಿಂದ 350 ವ್ಯಾಟ್ ಕರೆಂಟು ಎಳೆಯುತ್ತದೆ. ದಿನಕ್ಕೆ 15 ಗಂಟೆ ಓಡಿದರೆ ಹತ್ತಿರ ಹತ್ತಿರ 5 ಯೂನಿಟ್, ತಿಂಗಳಿಗೆ 150. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ 200 ಯೂನಿಟ್ ಅನ್ನುವುದು ಗರಿಷ್ಠ ಮಿತಿ. ಒಂದೊಂದು ಮನೆಗೆ ಸಿಗುವುದು ಆ ಮನೆಯ ಹಳೆಯ ಸರಾಸರಿ ಬಳಕೆ, ಅದರ ಮೇಲೆ ಇನ್ನೊಂದಿಷ್ಟು. ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿ ಇದ್ದು 40 ಯೂನಿಟ್ ಸುಡುತ್ತಿದ್ದ ಮನೆಗೆ ಯಂತ್ರ ಬಂದರೆ ಬಳಕೆ ನಾಲ್ಕೈದು ಪಟ್ಟು ಏರುತ್ತದೆ, ಏರಿದ್ದಕ್ಕೆಲ್ಲ ಹಣ ಕಟ್ಟಬೇಕು. ಅಂದರೆ ಮೊದಲಿನಿಂದ ಕಡಿಮೆ ಕರೆಂಟಿನಲ್ಲಿ ಬದುಕಿದ ಬಡ ಮನೆಗೇ ಇಲ್ಲಿ ಹೆಚ್ಚಿನ ಏಟು. ಕೇಂದ್ರ ಸರ್ಕಾರಿ ನೌಕರರಿಗೆ ಮನೆಯಲ್ಲಿ ಬಳಸುವ ಇಂಥ ಯಂತ್ರಗಳ ವೆಚ್ಚ ಮರಳಿಸುವ ನಿಯಮವಿದೆ. ಕೂಲಿ ಮಾಡಿ ಬದುಕಿದವಳಿಗೆ ಯಾವ ನಿಯಮವಿದೆ?

ಮನೆಯಲ್ಲಿ ಬಳಸುವ ಉಸಿರಿನ ಬೇರೆ ಯಂತ್ರಗಳಾದ ಬೈಪ್ಯಾಪ್, ಸಿಪ್ಯಾಪ್‌ಗಳಿಗೆ ಇಷ್ಟು ಕರೆಂಟು ಬೇಡ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಟ್ಟಿಕೊಳ್ಳುವವರಿಗೆ ಬೈಪ್ಯಾಪ್: ಉಸಿರೆಳೆದಾಗ ಜೋರಾಗಿ ಗಾಳಿ ತಳ್ಳುತ್ತದೆ, ಬಿಡುವಾಗ ಒತ್ತಡ ಇಳಿಸುತ್ತದೆ. ನಿದ್ದೆಯಲ್ಲಿ ಗಂಟಲು ಮುಚ್ಚಿ, ಗೊರಕೆಯ ನಡುವೆ ಉಸಿರೇ ನಿಂತುಹೋಗುವವರಿಗೆ ಸಿಪ್ಯಾಪ್. 1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ಈ ಚಿಕಿತ್ಸೆಯನ್ನು ಜಗತ್ತಿಗೆ ತಿಳಿಸಿದರು. ಬೆಂಗಳೂರು–ಮೈಸೂರು ದಶಪಥದಲ್ಲಿ ಗಾಡಿ ಓಡಿಸುವ, ಹಗಲೆಲ್ಲ ತೂಕಡಿಸುವ ನಮ್ಮ ಚಾಲಕರಲ್ಲಿ ಇದರ ಅಗತ್ಯವಿರುವವರು ಖಂಡಿತ ಇದ್ದಾರೆ. ಅದನ್ನು ಮತ್ತೊಂದು ದಿನ ಬರೆಯುತ್ತೇನೆ. ಈ ಎರಡು ಯಂತ್ರಗಳೂ ಸಾಮಾನ್ಯ ಯುಪಿಎಸ್ ಮೇಲೆ ಕೆಲವು ಗಂಟೆ ನಡೆದಾವು. ಆಕ್ಸಿಜನ್ ಮಿಷಿನ್ ಮಾತ್ರ ಬ್ಯಾಟರಿಯನ್ನು ಬೇಗ ಖಾಲಿ ಮಾಡುತ್ತದೆ.

ಮನೆಯವರಿಗೊಂದು ಕಿವಿಮಾತು. ಏದುಸಿರು ಹೆಚ್ಚಾಯಿತೆಂದು ಯಂತ್ರದ ತಿರುಪನ್ನು ನೀವೇ ಏರಿಸಬೇಡಿ. ಹಳೆಯ ದಮ್ಮಿನವರಿಗೆ ಅತಿಯಾದ ಆಮ್ಲಜನಕವೂ ಅಪಾಯ, ರೋಗಿ ಮಂಕಾಗಿ ಪ್ರಜ್ಞೆ ತಪ್ಪಬಹುದು. ಒಲೆ, ದೀಪ, ಊದುಬತ್ತಿ, ಬೀಡಿ ಯಾವುದೂ ಕೊಳವೆಯ ಹತ್ತಿರ ಸುಳಿಯಬಾರದು.

ಶಿವನಸಮುದ್ರದ ವಿದ್ಯುತ್ ಕೇಂದ್ರ ಇರುವುದು ಮಳವಳ್ಳಿ ತಾಲ್ಲೂಕಿನಲ್ಲೇ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ನೆಲದಡಿಯ ಚಿನ್ನಕ್ಕಾಗಿ ಅಷ್ಟು ದೂರ ತಂತಿ ಎಳೆದ ನಾಡಿಗೆ, ಅದೇ ತಾಲ್ಲೂಕಿನ ಹಳ್ಳಿಯ ಮುದುಕಿಯೊಬ್ಬಳ ಉಸಿರಿಗೆ ತಿಂಗಳಿಗೆ 150 ಯೂನಿಟ್ ಕೊಡುವುದು ದೊಡ್ಡ ಹೊರೆಯಲ್ಲ. ಬ್ರಿಟನ್ನಿನಲ್ಲಿ ಮನೆಯ ಆಕ್ಸಿಜನ್ ಯಂತ್ರಕ್ಕೆ ತಗಲುವ ವಿದ್ಯುತ್ತಿನ ಹಣವನ್ನು ಮರಳಿ ಕೊಡುವ ಏರ್ಪಾಡಿದೆ. ನಮ್ಮಲ್ಲೂ ಆಗಬೇಕು. ಸರ್ಕಾರಿ ವೈದ್ಯರ ಚೀಟಿ ತಂದ ಮನೆಯನ್ನು ವಿದ್ಯುತ್ ಕಂಪನಿ ಚೆಸ್ಕಾಂ ಪಟ್ಟಿಗೆ ಸೇರಿಸಲಿ. ಆ ಯಂತ್ರದ ಯೂನಿಟ್‌ಗಳನ್ನು ಗೃಹಜ್ಯೋತಿಯ ಸರಾಸರಿ ಲೆಕ್ಕದಿಂದ ಹೊರಗಿಟ್ಟು ಪೂರ್ತಿ ಮನ್ನಾ ಮಾಡಲಿ. ರಿಪೇರಿಗೆಂದು ಲೈನ್ ತೆಗೆಯುವ ಮುನ್ನ ಲೈನ್‌ಮನ್ ಆ ಮನೆಗೊಂದು ಫೋನ್ ಮಾಡಲಿ, ತುಂಬಿದ ಸಿಲಿಂಡರೊಂದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸಿದ್ಧವಿರಲಿ. ಮಂಡ್ಯ, ಮದ್ದೂರು, ಮಳವಳ್ಳಿಯ ಶಾಸಕರು ಮೂವರೂ ಸೇರಿ ಈ ಮಾತನ್ನು ಮುಂದಿನ ಅಧಿವೇಶನದಲ್ಲಿ ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ.