ಸತ್ಯವೂ ಸಮಾಧಾನವೂ

ಸತ್ಯವನ್ನು ಪ್ರಿಯವಾಗುವಂತೆ ನುಡಿಯಬೇಕೆಂದು ನಮ್ಮ ಹಿರಿಯರು ವಿಧಿಸಿರುವರು. ಆದರೆ ಸತ್ಯವೂ ಪ್ರಿಯವೂ ಒಂದೇ ಮಾತಿನಲ್ಲಿ ಕೂಡಿಬಾರದ ಪ್ರಸಂಗಗಳುಂಟು. ಕೇಳುವವರು ವಯೋವೃದ್ಧರಾದರಂತೂ ನಮ್ಮ ಮನಸ್ಸು ಪ್ರಿಯದ ಕಡೆಗೇ ವಾಲುವುದು. ಇನ್ನೆಷ್ಟು ದಿನ ಇರುವವರು, ಅವರ ನಂಬಿಕೆಯನ್ನು ನಾವೇಕೆ ಕದಡಬೇಕೆಂದು ಹೇಳಿಕೊಳ್ಳುವೆವು. ಇದನ್ನು ದಯೆಯೆಂದೇ ನಾನು ಬಹುಕಾಲ ಎಣಿಸಿದ್ದೆನು. ಕಳೆದ ಮಾಗಿಯಲ್ಲಿ ಬಸವಕಲ್ಯಾಣದಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಆ ಎಣಿಕೆ ಅಲುಗಾಡಿತು.

ನಾವು ಆರು ಜನ. ಎಲ್ಲರೂ ಅರವತ್ತು ದಾಟಿದವರು, ಇಬ್ಬರ ಕೈಯಲ್ಲಿ ಊರುಗೋಲು. ಕಲ್ಯಾಣವನ್ನೂ ಹುಮನಾಬಾದಿನ ಸೀಮೆಯನ್ನೂ ಎರಡು ದಿನ ಕಾಲ್ನಡೆಯಿಂದ ನೋಡಬೇಕೆಂದು ಹೊರಟಿದ್ದೆವು. (ಊರಿನಿಂದ ಊರಿಗೆ ಹೋಗುವುದು ಮೋಟಾರಿನಲ್ಲಿಯೇ, ನಮ್ಮ ಶೌರ್ಯಕ್ಕೆ ಅಷ್ಟು ಮಿತಿಯಿದ್ದಿತು.) ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಯೇ ಎಲ್ಲರ ಹೆಜ್ಜೆಯೆಂದು ಮೊದಲೇ ಮಾತಾಗಿತ್ತು. ಶಾಲೆಯಲ್ಲಿ ಚರಿತ್ರೆ ಕಲಿಸಿದವನೆಂಬ ಕಾರಣದಿಂದ ವಿವರಿಸುವ ಕೆಲಸ ನನ್ನ ಪಾಲಿಗೆ ಬಂದಿತು.

ಬೆಳಗಿನ ಹೊತ್ತು ಕೋಟೆಯಲ್ಲಿ ಕಳೆಯಿತು. ಒಂದನೆಯ ಸೋಮೇಶ್ವರನು (1042–1068) ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡುದನ್ನೂ, ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನಕ್ಕೆ ಕಾಶ್ಮೀರದಿಂದ ಬಿಲ್ಹಣನು ಬಂದುದನ್ನೂ, ಅದೇ ಅರಸನ ಕಾಲದಲ್ಲಿ ವಿಜ್ಞಾನೇಶ್ವರನು ಇಲ್ಲಿ ಮಿತಾಕ್ಷರೆಯನ್ನು ರಚಿಸಿದುದನ್ನೂ ಹೇಳಿದೆನು. ಮಿತಾಕ್ಷರೆಯ ಹೆಸರೆತ್ತುತ್ತಲೇ ಗುಂಪಿನಲ್ಲಿದ್ದ ಹಳೆಯ ವಕೀಲರು ಊರುಗೋಲನ್ನು ನೆಲಕ್ಕೆ ಕುಟ್ಟಿ, ಹುಟ್ಟುತ್ತಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಪಾಲುಂಟೆಂದು ಬರೆದ ಆ ಪುಣ್ಯಾತ್ಮನಿಂದಲೇ ತಮ್ಮ ಸಂಸಾರ ನಡೆಯಿತೆಂದರು. ಈಗ ಕಾಣುವ ಗೋಡೆ ಬುರುಜುಗಳಲ್ಲಿ ಬಹುಭಾಗ ಚಾಲುಕ್ಯರದಲ್ಲ, ಬಹಮನಿಗಳ ಮತ್ತು ಅವರ ಅನಂತರದವರ ಕೆಲಸವೆಂದಾಗ ಯಾರಿಗೂ ಬೇಸರವಾಗಲಿಲ್ಲ. ಗೋಡೆಯ ವಿಷಯದಲ್ಲಿ ಸತ್ಯವಂತನಾಗುವುದು ಸುಲಭ.

ಇಳಿಹೊತ್ತಿಗೆ ತ್ರಿಪುರಾಂತದ ಕೆರೆಯ ಕಡೆಗೆ ನಡೆದೆವು. ಅತ್ತ ಶರಣರ ಹೆಸರಿನ ಗವಿಗಳಿವೆ. ನಮ್ಮೊಡನಿದ್ದ ಒಬ್ಬ ತಾಯಿ ಅಕ್ಕನಾಗಮ್ಮನ ಕಥೆಯನ್ನು ತಮ್ಮ ತಾಯಿಯ ಬಾಯಿಂದ ಕೇಳಿ ಬೆಳೆದವರು. ಬಸವಣ್ಣನವರ ಅಕ್ಕ, ಚೆನ್ನಬಸವಣ್ಣನವರ ತಾಯಿ ಕುಳಿತ ನೆಲವನ್ನು ಕಾಣಬೇಕೆಂದು ಐವತ್ತು ವರ್ಷಗಳಿಂದ ಬಯಸಿದ್ದವರು. ಗವಿಯ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ, "ಆಕಿ ಕುಂತಿದ್ದು ಇಲ್ಲೇ ಏನ್ರಿ ಮಾಸ್ತರ?" ಎಂದು ಕೇಳಿದರು.

ನಾನು "ಹೌದ್ರಿ ತಾಯಿ" ಎಂದೆನು.

ಆಕೆ ನನ್ನ ಮುಖವನ್ನೇ ನೋಡಿದರು. "ಮುಂಜಾನಿಂದ ಕಲ್ಲು ಕಲ್ಲಿಗೂ ಇಸವಿ ಹೇಳಿದ್ರಿ. ಇಲ್ಲಿ ಬರೇ ಹೌದು ಅಂದ್ರಿ. ವಯಸ್ಸಾದವ್ರು ಅಂತ ಸಮಾಧಾನ ಹೇಳೋ ಮಂದಿ ನಮ್ಮ ಮನ್ಯಾಗ ಭಾಳ ಅದಾರ."

ನಾಚಿಕೆಯಾಯಿತು. ಇದ್ದುದನ್ನು ಇದ್ದಂತೆ ಹೇಳಿದೆನು: ಈ ಗವಿಗೆ ನಾಗಮ್ಮನ ಹೆಸರು ಜನರ ಬಾಯಿಂದ ಬಂದುದು, ಬಸವಣ್ಣನವರ ಹೆಸರನ್ನೇ ಹೇಳುವ ಅರ್ಜುನವಾಡದ ಶಾಸನವೂ 1260ರದು, ಅವರು ಆಗಿಹೋದ ಮೇಲೆ ಹೆಚ್ಚುಕಡಮೆ ನೂರು ವರ್ಷಕ್ಕೆ ಹುಟ್ಟಿದುದು, ಆಕೆ ಇಲ್ಲಿ ಕುಳಿತಿರಬಹುದು, ಕುಳಿತಳೆಂದು ಆಣೆಯಿಡಲಾರೆ. ಆಕೆ ಎಲ್ಲವನ್ನೂ ಕೇಳಿ, "ಆಯ್ತು, ಈಗ ಕುಂಡ್ರತೀನಿ" ಎಂದು ಒಳಗೆ ಹೋಗಿ, ಬಹಳ ಹೊತ್ತು ಕಣ್ಮುಚ್ಚಿ ಕುಳಿತರು. ನಾವು ಹೊರಗೆ ಕಾದೆವು.

ರಾತ್ರಿ ವಕೀಲರು ನನ್ನೊಡನೆ ವಾದಿಸಿದರು. ಸಾಯುವ ಮುಪ್ಪಿನವರಿಗೆ ರೋಗದ ಹೆಸರನ್ನು ಬಚ್ಚಿಡುವ ಮಕ್ಕಳು ಪಾಪಿಗಳೋ ಎಂದು ಅವರ ಪ್ರಶ್ನೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕೇಳದವರ ಮುಂದೆ ಶಾಸನದ ಪಟ್ಟಿಯನ್ನು ಹಿಡಿದು ನಿಲ್ಲುವುದು ಪಾಂಡಿತ್ಯದ ಒರಟುತನವೇ ಸರಿ. ಕೈಮುಗಿದು ನಿಂತವರ ನಡುವೆ ನಾನೆಂದೂ ಹಾಗೆ ಮಾಡಲಾರೆ. ಆದರೆ ಆಕೆ ಕೇಳಿದ್ದರು. ಮೂವತ್ತು ಜನರ ಗುಂಪಿನಲ್ಲಿ ಕೇಳದೆ ನುಂಗಿಕೊಳ್ಳಬಹುದಾಗಿದ್ದ ಪ್ರಶ್ನೆಯನ್ನು ಆರು ಜನರೊಳಗೆ ವಿಶ್ವಾಸದಿಂದ ಕೇಳಿದ್ದರು. ಸತ್ಯವನ್ನು ತಾಳುವ ಶಕ್ತಿ ಆಕೆಗಿಲ್ಲವೆಂದು ನಾನು ಯಾವ ಅಧಿಕಾರದಿಂದ ನಿರ್ಣಯಿಸಿದೆನು? ಮಗುವಿಗೆ ಹೇಳುವ ಸುಳ್ಳನ್ನು ಮಗು ಬೆಳೆದ ಮೇಲೆ ತಿದ್ದಿಕೊಳ್ಳುವುದು. ಎಪ್ಪತ್ತೆಂಟರವರಿಗೆ ಹೇಳಿದ ಸುಳ್ಳನ್ನು ತಿದ್ದುವ ಕಾಲವೆಲ್ಲಿ? ಆಯುಷ್ಯ ಕಡಮೆಯೆಂಬುದನ್ನು ನಾನು ಸುಳ್ಳಿಗೆ ಕಾರಣವಾಗಿ ಹಿಡಿದಿದ್ದೆನು. ಅದು ಸತ್ಯಕ್ಕೇ ಕಾರಣವಾಗಬೇಕಾಗಿತ್ತು. ವಕೀಲರು ಒಪ್ಪಲಿಲ್ಲ. ಒಪ್ಪದೆಯೇ ಮಲಗಿದರು.

ಮರುದಿನ ಹುಮನಾಬಾದಿಗೆ ಹೋಗಿ, ವೀರಭದ್ರೇಶ್ವರನ ಗುಡಿಯನ್ನೂ, ಮಾಣಿಕಪ್ರಭುಗಳ (1817–1865) ಸನ್ನಿಧಿಯಾದ ಮಾಣಿಕನಗರವನ್ನೂ ನೋಡಿ, ಅಲ್ಲಿಂದ ಜಲಸಂಗಿಯ ಕಲ್ಮೇಶ್ವರ ದೇವಾಲಯವನ್ನು ಸೇರಿದೆವು. ಅದರ ಹೊರಗೋಡೆಯ ಮದನಿಕೆಯರಲ್ಲಿ ಒಬ್ಬಳು ಬೆನ್ನು ಬಳುಕಿಸಿ ನಿಂತು ಹಲಗೆಯ ಮೇಲೆ ಏನನ್ನೋ ಬರೆಯುತ್ತಿರುವಳು. ಅಲ್ಲಿ ನನಗೆ ಧೈರ್ಯ ಬಂದಿತು. ಇದು ಊರ ಮಾತಲ್ಲ, ಕಲ್ಲಿನ ಅಕ್ಷರ. ಆ ತಾಯಿ ಊರುಗೋಲಿನ ಮೇಲೆ ಭಾರ ಹಾಕಿ ತಲೆಯೆತ್ತಿ, "ಏನ್ ಬರ್ಯಾಕತ್ಯಾಳ್ರಿ ಈಕಿ?" ಎಂದರು.

ಏಳು ದ್ವೀಪಗಳ ಭೂಮಿಯೆಲ್ಲ ಚಾಲುಕ್ಯ ವಿಕ್ರಮಾದಿತ್ಯನ ವಶವೆಂಬ ಅರ್ಥದ ಸಂಸ್ಕೃತ ಶ್ಲೋಕವೆಂದು ಹೇಳಿದೆನು.

"ಏಳೂ ದ್ವೀಪ ಆಳಿದ್ನೇನು ಆವ?"

"ಇಲ್ಲ ತಾಯಿ. ನರ್ಮದೆಯಿಂದ ಈಚೆ ಬಹಳಷ್ಟು ನಾಡು ಆಳಿದನು. ಅಷ್ಟೆ."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಹಂಗಾದ್ರ ಕಲ್ಲಿನ್ಯಾಗ ಬರದದ್ದೂ ಗವ್ಯಾಗಿನ ಮಾತಿನಂಗ ಆತಲ್ರಿ ಮಾಸ್ತರ." ಹಿಂದೆ ನಿಂತಿದ್ದ ವಕೀಲರು ಆಗ ಊರುಗೋಲನ್ನು ಜೋರಾಗಿಯೇ ಕುಟ್ಟಿದರು.