ದಿವಾಳಿಯಾದವನ ರಾಯಧನ: ವ್ರತದೃಷ್ಟಿಯಿಂದ ಒಂದು ವಿಚಾರ

ಪರಿಗ್ರಹಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನು ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯಗಳಿಗೆ ಮಿತಿಯನ್ನು ಕಟ್ಟಿಕೊಳ್ಳುತ್ತಾನೆ. ಇವೆಲ್ಲ ಕಣ್ಣಿಗೆ ಕಾಣುವ ವಸ್ತುಗಳು. ಒಮ್ಮೆ ಬರೆದಿಟ್ಟ ಗ್ರಂಥದಿಂದ ವರುಷ ವರುಷವೂ ಬರುವ ರಾಯಧನವನ್ನು ಯಾವ ಸಾಲಿನಲ್ಲಿ ಬರೆಯಬೇಕು? ಹೊಲದಂತೆ ಅದೂ ಬೆಳೆ ಕೊಡುತ್ತದೆ. ಆದರೆ ಗಡಿಗಲ್ಲು ನೆಡಲು ಬಾರದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಕಾಲದಲ್ಲಿ ಈ ಪ್ರಶ್ನೆ ಹುಟ್ಟಿರಲಿಲ್ಲ. ಗ್ರಂಥವು ಆಗ ದಾನದ ವಸ್ತುವಾಗಿತ್ತು. ಇಂದು ಅದು ಆಸ್ತಿಯೂ ಆಗಿದೆ. ಆಸ್ತಿಯಾದ ಮೇಲೆ, ಬರೆದವನು ಸಾಲದಲ್ಲಿ ಮುಳುಗಿದರೆ ಅದು ಯಾರಿಗೆ ಸೇರಬೇಕೆಂಬ ಮಾತು ಬಂದೇ ಬರುತ್ತದೆ.

ಕಾಯಿದೆಯ ಮಾತನ್ನು ಮೊದಲು ನೋಡೋಣ. ನಮ್ಮ ದೇಶದಲ್ಲಿ 2016ರ ಹೊಸ ದಿವಾಳಿ ಸಂಹಿತೆಯ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವನ್ನು 2019ರ ಡಿಸೆಂಬರಿನಿಂದ ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ ಜಾರಿಗೊಳಿಸಲಾಯಿತು. ಉಳಿದ ಗೃಹಸ್ಥರಿಗೆ, ಹಳೆಯ ಪ್ರೆಸಿಡೆನ್ಸಿ ಪಟ್ಟಣಗಳನ್ನು ಬಿಟ್ಟರೆ, 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ ಅನ್ವಯಿಸುತ್ತದೆ. ಅದರಂತೆ ದಿವಾಳಿಯೆಂದು ಘೋಷಿತನಾದವನ ಆಸ್ತಿಯೆಲ್ಲ ನ್ಯಾಯಾಲಯದ ಅಥವಾ ರಿಸೀವರನ ವಶವಾಗುತ್ತದೆ. ವಿಮೋಚನೆಯ ಆಜ್ಞೆಯಾಗುವವರೆಗೆ ಹೊಸದಾಗಿ ಬಂದುದೂ ಅಲ್ಲಿಗೇ ಸೇರುತ್ತದೆ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ ಮೊದಲಾದವುಗಳನ್ನು ಕಾನೂನು ಮುಟ್ಟುವುದಿಲ್ಲ. ಸರ್ಕಾರವೂ ಒಂದು ಬಗೆಯ ಪರಿಮಾಣವನ್ನು ಗೊತ್ತುಮಾಡಿದೆ ಎನ್ನಬಹುದು! ಆಸ್ತಿಯಿಂದ ರೂಪಾಯಿಗೆ ಎಂಟಾಣೆಯಷ್ಟಾದರೂ ಹುಟ್ಟದಿದ್ದರೆ, ಅದು ತನ್ನ ತಪ್ಪಿನಿಂದಲ್ಲವೆಂದು ಅವನು ತೋರಿಸಿಕೊಡದ ಹೊರತು, ಪೂರ್ಣ ವಿಮೋಚನೆಯಿಲ್ಲ. ಮುಂದೆ ಬರುವ ಸಂಪಾದನೆಯ ಮೇಲೆ ಷರತ್ತು ವಿಧಿಸಿಯೂ ನ್ಯಾಯಾಲಯವು ಬಿಡುಗಡೆ ಮಾಡಬಹುದು.

ಅಮೆರಿಕದ 1978ರ ಸಂಹಿತೆಯು ಬೇರೊಂದು ಗೆರೆಯನ್ನು ಎಳೆಯುತ್ತದೆ. ಆಸ್ತಿಯನ್ನೆಲ್ಲ ಒಪ್ಪಿಸಿ ಋಣಮುಕ್ತಿ ಬೇಡುವ ಕ್ರಮದಲ್ಲಿ, ಅರ್ಜಿ ಸಲ್ಲಿಸುವ ಮುನ್ನ ಬರೆದ ಪುಸ್ತಕದ ರಾಯಧನ ಎಷ್ಟು ತಡವಾಗಿ ಬಂದರೂ ಸಾಲ ಕೊಟ್ಟವರ ಪಾಲು. ಅರ್ಜಿಯ ಅನಂತರ ಪಟ್ಟ ಶ್ರಮದ ಫಲ ಲೇಖಕನದು. ಹಣ ಬಂದ ದಿನವನ್ನು ಬಿಟ್ಟು ಬೆವರು ಸುರಿಸಿದ ದಿನವನ್ನು ನೋಡುವ ಈ ರೀತಿ ನನಗೆ ನ್ಯಾಯವೆಂದೇ ತೋರುತ್ತದೆ. ಆದರೆ ಹಳೆಯ ಪುಸ್ತಕಕ್ಕೆ ಹೊಸ ಶ್ರಮ ಬೆರೆತರೆ?

ಸ್ಕಾಟ್ಲೆಂಡಿನ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟನಿಗೆ ಒದಗಿದ್ದು ಇದೇ ಪ್ರಸಂಗ. 1826ರಲ್ಲಿ ಪ್ರಕಾಶಕರೂ ಮುದ್ರಕರೂ ಕುಸಿದುಬಿದ್ದಾಗ ಅವನ ತಲೆಯ ಮೇಲೆ ಒಂದು ಲಕ್ಷ ಪೌಂಡನ್ನು ಮೀರಿದ ಹೊರೆ ಬಿದ್ದಿತು. ದಿವಾಳಿ ಸಾರಿ ಕೈತೊಳೆದುಕೊಳ್ಳುವ ದಾರಿಯಿದ್ದರೂ ಅವನು ಅದನ್ನು ಹಿಡಿಯಲಿಲ್ಲ. ಆಸ್ತಿಯನ್ನು ಧರ್ಮದರ್ಶಿಗಳಿಗೆ ಒಪ್ಪಿಸಿ, ಬರೆದು ತೀರಿಸುವೆನೆಂದು ಕುಳಿತನು. ಹಳೆಯ ಕಾದಂಬರಿಗಳ ಗ್ರಂಥಸ್ವಾಮ್ಯವನ್ನು ಹರಾಜಿನಲ್ಲಿ ಮರಳಿ ಕೊಳ್ಳಲಾಯಿತು. ಅವುಗಳಿಗೆ ಅವನು ಹೊಸ ಪೀಠಿಕೆ, ಟಿಪ್ಪಣಿಗಳನ್ನು ಬರೆದುಕೊಟ್ಟನು. 1829ರಿಂದ ಆ ಆವೃತ್ತಿ ತಿಂಗಳಿಗೊಂದು ಸಂಪುಟದಂತೆ ಹೊರಬಂದಿತು. ಹಳೆಯದೆಷ್ಟು, ಹೊಸದೆಷ್ಟು ಎಂದು ಅವನು ತೂಗಲಿಲ್ಲ. ದೇಹ ಸೋತು 1832ರಲ್ಲಿ ಮಡಿದನು. ಗ್ರಂಥಸ್ವಾಮ್ಯದ ಬಲದಿಂದ ಉಳಿದ ಸಾಲ ತೀರಿದ್ದು 1847ರಲ್ಲಿ.

ಅಮೆರಿಕದ ಮಾರ್ಕ್ ಟ್ವೇನನ ಕಥೆ ಇಷ್ಟು ಸರಳವಲ್ಲ. 1894ರಲ್ಲಿ ಅವನ ಪ್ರಕಾಶನ ಸಂಸ್ಥೆ ಮುಳುಗಿದಾಗ ಮಿತ್ರನಾದ ಎಚ್. ಎಚ್. ರೋಜರ್ಸನ ಸಲಹೆಯಂತೆ ಗ್ರಂಥಸ್ವಾಮ್ಯವೆಲ್ಲ ಪತ್ನಿ ಒಲಿವಿಯಾಳ ಹೆಸರಿಗೆ ಹೋಯಿತು. ಆಕೆಯೂ ಸಂಸ್ಥೆಗೆ ತನ್ನ ಸ್ವಂತ ಹಣವನ್ನು ಸಾಲವಾಗಿ ಕೊಟ್ಟಿದ್ದಳೆಂಬುದು ಸಮರ್ಥನೆ. ನಮ್ಮಲ್ಲಿಯೂ ಆಸ್ತಿಯನ್ನು ಹೆಂಡತಿಯ ಹೆಸರಿಗೆ ಮಾಡಿ ನಿರಾಳವಾಗುವವರಿದ್ದಾರೆ. ಎರಡು ವರ್ಷಗಳೊಳಗಿನ ಪ್ರತಿಫಲವಿಲ್ಲದ ವರ್ಗಾವಣೆಯನ್ನು ರದ್ದುಪಡಿಸುವ ಅಧಿಕಾರವನ್ನು 1920ರ ಕಾಯಿದೆಯೇ ಕೊಟ್ಟಿದೆ. ಟ್ವೇನನ ವಿಷಯದಲ್ಲಿ ಮೆಚ್ಚಬೇಕಾದುದು ಮುಂದಿನ ನಡತೆಯನ್ನು. ಪೂರ್ತಿಯಾಗಿ ತೀರಿಸಲೇಬೇಕೆಂದು ಹಟ ಹಿಡಿದವಳು ಆ ಒಲಿವಿಯಾಳೇ. ಅರವತ್ತರ ಹೊಸ್ತಿಲಲ್ಲಿದ್ದ ಟ್ವೇನನು 1895ರಲ್ಲಿ ಉಪನ್ಯಾಸ ಪ್ರವಾಸಕ್ಕೆ ಹೊರಟು ಭೂಮಿಯನ್ನು ಸುತ್ತಿದನು. 1896ರ ಆರಂಭದಲ್ಲಿ ಮುಂಬಯಿಗೂ ಬಂದಿದ್ದನು. ಅಲ್ಲಿನ ಜೈನ ಸಮಾಜದವರು ಪಾಲಿತಾಣಾದ ರಾಜನನ್ನು ಗೌರವಿಸಿದ ಸಮಾರಂಭವನ್ನು ಕಂಡು ತನ್ನ ಪ್ರವಾಸಗ್ರಂಥದಲ್ಲಿ ಬರೆದಿದ್ದಾನೆ. 1898ರಲ್ಲಿ ಸಾಲವೆಲ್ಲ ತೀರಿತು.

ಈಗ ನಮ್ಮ ಶಾಸ್ತ್ರದ ಕಡೆಗೆ ತಿರುಗೋಣ. ನ್ಯಾಯಾಲಯವು ವಿಮೋಚನೆ ಕೊಟ್ಟ ಮೇಲೆ ಬರುವ ರಾಯಧನವನ್ನು ಉಂಡರೆ ಅದು ಚೌರ್ಯವೇ? ಅಲ್ಲವೆಂದು ನನ್ನ ಅಭಿಪ್ರಾಯ. ರಾಜ್ಯದ ನಿಯಮವನ್ನು ಮೀರುವುದನ್ನು ಅಚೌರ್ಯಾಣುವ್ರತದ ಅತಿಚಾರವೆಂದು ತತ್ತ್ವಾರ್ಥಸೂತ್ರವು ಎಣಿಸುತ್ತದೆ. ಅಂದಮೇಲೆ ಆ ನಿಯಮವೇ ಕೊಟ್ಟುದನ್ನು ಕೊಡದುದೆಂದು ಕರೆಯುವುದು ಹೇಗೆ? ದಿವಾಳಿಯಾದ ಬಡವನನ್ನು ಕಳ್ಳನೆನ್ನುವ ನಾಲಿಗೆ ನಮ್ಮಲ್ಲಿ ಚುರುಕಾಗಿದೆ. ಅದು ತಡೆಯಬೇಕಾದ ನಾಲಿಗೆ.

ಆದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದಿದೆ. ಇಟ್ಟ ಹಣದ ಲೆಕ್ಕವನ್ನು ಮರೆತವನು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹೌದೆಂದು ತಲೆದೂಗಿ ಅಷ್ಟನ್ನೇ ಕೊಡುವುದು ಅದು. ಆಚಾರ್ಯರು ಇದನ್ನು ಕಳವಿನ ಪಟ್ಟಿಯಲ್ಲಿಡದೆ ಸುಳ್ಳಿನ ಪಟ್ಟಿಯಲ್ಲಿಟ್ಟರು. ಅಲ್ಲಿ ಕೈ ಏನನ್ನೂ ಕದಿಯುವುದಿಲ್ಲ, ತನಗೆ ಗೊತ್ತಿರುವ ಲೆಕ್ಕವನ್ನು ಬಾಯಿ ನುಂಗುತ್ತದೆ. ವಿಮೋಚನೆ ಪಡೆದವನ ಸ್ಥಿತಿ ಇದಕ್ಕೆ ಪೂರ್ಣ ಸಮಾನವಲ್ಲ. ಸಾಲ ಕೊಟ್ಟವನು ಮರೆತಿಲ್ಲ, ಬಿಟ್ಟುಕೊಡುವಂತೆ ಕಾನೂನು ಮಾಡಿದೆ. ಆದರೂ ಕೇಳುವವನ ಬಾಯಿ ಮುಚ್ಚಿದೆಯೆಂದ ಮಾತ್ರಕ್ಕೆ ಕೊಟ್ಟ ಮಾತು ಸುಳ್ಳಾಗಲಾರದು. ಕಾಯಿದೆಯು ಎತ್ತಿಹಾಕುವುದು ಬಲಾತ್ಕಾರವನ್ನು. ಲೆಕ್ಕವು ವ್ರತಿಯ ಎದೆಯಲ್ಲಿಯೇ ಉಳಿಯುತ್ತದೆ.

ಹಾಗಾದರೆ ಮನೆಮಂದಿಯನ್ನು ಉಪವಾಸ ಕೆಡವಿ ತೀರಿಸಬೇಕೆ? ಬೇಡ. ಉಪವಾಸವು ತಾನಾಗಿ ತೆಗೆದುಕೊಳ್ಳುವ ವ್ರತವೇ ಹೊರತು ಮಕ್ಕಳ ಮೇಲೆ ಹೇರುವುದಲ್ಲ. ದುಡಿಮೆಯ ಸಂಪಾದನೆ ಸಂಸಾರಕ್ಕೆ ಹೋಗಲಿ; ಹಳೆಯ ಪುಸ್ತಕದ ರಾಯಧನದಲ್ಲಿ ತನ್ನ ಪರಿಮಾಣವನ್ನು ಮೀರಿದ ಭಾಗ, ಅದು ವರ್ಷಕ್ಕೆ ನೂರು ರೂಪಾಯಿಯೇ ಇರಲಿ, ಋಣದ ಪುಸ್ತಕಕ್ಕೆ ಹೋಗಲಿ. ನ್ಯಾಯಾಲಯವು ಸಮಾನ ಸಾಲಿನವರಿಗೆ ಸಮಪ್ರಮಾಣದಲ್ಲಿ ಹಂಚುತ್ತದೆ. ವಿಮೋಚನೆಯ ಅನಂತರ ಸ್ವಂತ ಇಚ್ಛೆಯಿಂದ ಕೊಡುವವನಿಗೆ ಆ ಕಟ್ಟಿಲ್ಲ. ಬಡ್ಡಿಯಿಲ್ಲದೆ ಕೊಟ್ಟ ನೆರೆಯವರು, ವಿಧವೆಯರು ಮೊದಲಾಗಲಿ, ಬ್ಯಾಂಕು ಕೊನೆಗಿರಲಿ. ಕೊಟ್ಟವರು ತೀರಿಕೊಂಡಿದ್ದರೆ ಅವರ ವಾರಸುದಾರರನ್ನು ಹುಡುಕಬೇಕು. ಬಸದಿಯ ಹುಂಡಿಗೆ ಹಾಕಿ ತೀರಿತೆಂದುಕೊಳ್ಳುವುದು ಸಲ್ಲದು, ಪರರ ಹಣದಲ್ಲಿ ದಾನವಾಗದು. ತಂದೆಯ ವ್ರತ ಮಕ್ಕಳನ್ನು ಕಟ್ಟುವುದಿಲ್ಲವಾದ್ದರಿಂದ, ಆ ಪುಸ್ತಕವನ್ನು ಬದುಕಿರುವಾಗಲೇ ಅವರ ಮುಂದೆ ತೆರೆದಿಟ್ಟು ಉಯಿಲಿನಲ್ಲಿಯೂ ಬರೆಯುವುದು ಲೇಸು. ನಮ್ಮ ದೇಶದ ಕಾಯಿದೆಯಂತೆ ಗ್ರಂಥಸ್ವಾಮ್ಯವು ಬರೆದವನ ಮರಣದ ಅನಂತರವೂ 60 ವರ್ಷ ಉಳಿದಿರುತ್ತದೆ.